ಹೊಸ ಹಲಗೆಗೆ ಹಳೇ ಮರದ ಬಣ್ಣ ಬರಿಸುವುದು ಹೇಗೆ?

ಓದುಗರ ಪ್ರಶ್ನೆ: ಅಟ್ಟ ಖಾಲಿ ಮಾಡುವಾಗ ಅಜ್ಜಿ ಕಾಲದ ಹಿತ್ತಾಳೆ ಸೌಟು, ಜಾಲರಿ ಸೌಟು, ಕಡಗೋಲು, ಪಾವು, ಚಟಾಕು ಸಿಕ್ಕವು. ಒಂದು ಹಲಗೆಗೆ ಇವನ್ನೆಲ್ಲ ತೂಗುಹಾಕಿ ಅಡುಗೆಮನೆ ಗೋಡೆ ಅಲಂಕರಿಸೋಣ ಅಂತ ಆಸೆ. ಆದರೆ ತಂದಿರುವ ಹಲಗೆ ಹೊಸದು, ಬೆಳ್ಳಗಿದೆ. ಅದಕ್ಕೆ ಹಳೇ ನೋಟ ಬರಿಸುವುದು ಹೇಗೆ?

ಉತ್ತರ: ಬಣ್ಣದ ಅಂಗಡಿಗೆ ಹೋಗಬೇಡಿ. ಕಂದು ಬಣ್ಣ ಬಳಿದರೆ ಬಣ್ಣ ಬಳಿದ ಹಲಗೆಯ ಹಾಗೇ ಕಾಣುತ್ತದೆ. ಮರದ ನಾರು ಮುಚ್ಚಿಹೋಗುತ್ತದೆ. ಅದರ ಬದಲು ಚಹಾ ಮತ್ತು ತುಕ್ಕು ಹಿಡಿದ ಮೊಳೆ ಸಾಕು. ಮರವೇ ಒಳಗಿನಿಂದ ಕಪ್ಪಾಗುತ್ತದೆ.

ಮರದಲ್ಲಿ, ಚಹಾದಲ್ಲಿ, ಅಳಲೆಕಾಯಿಯಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ಇರುತ್ತದೆ. ಅದಕ್ಕೆ ಕಬ್ಬಿಣದ ಅಂಶ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದೆ ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಸೇರಿಸಿ ಶಾಯಿ ಮಾಡುತ್ತಿದ್ದದ್ದು ಇದೇ ಗುಣದಿಂದ. ಶ್ರೀಕಾಳಹಸ್ತಿಯ ಕಲಂಕಾರಿ ಬಟ್ಟೆಯ ಕಪ್ಪು ಗೆರೆ ಮೂಡುವುದೂ ಹೀಗೇ. ಅಲ್ಲಿ ಬಟ್ಟೆಯನ್ನು ಮೊದಲು ಅಳಲೆಕಾಯಿ ನೀರಿನಲ್ಲಿ ಅದ್ದುತ್ತಾರೆ. ಆಮೇಲೆ ಬೆಲ್ಲದ ನೀರಿನಲ್ಲಿ ಕಬ್ಬಿಣ ಹಾಕಿ ಹುಳಿ ಬರಿಸಿದ ದ್ರವದಿಂದ ಬರೆಯುತ್ತಾರೆ. ನಿಮ್ಮ ಹಲಗೆಗೂ ಅದೇ ಕೆಲಸ.

ಗಾಜಿನ ಬಾಟಲಿಯಲ್ಲಿ ಬಿಳಿ ವಿನೆಗರ್ ಸುರಿದು ಒಂದು ಹಿಡಿ ತುಕ್ಕು ಮೊಳೆ ಹಾಕಿ. ಪಾತ್ರೆ ಉಜ್ಜುವ ಹೊಳೆಯುವ ಸ್ಟೀಲ್ ನಾರು ಹಾಕಿದರೆ ಏನೂ ಆಗುವುದಿಲ್ಲ, ಅದು ಸುಲಭವಾಗಿ ಕರಗುವ ಜಾತಿಯಲ್ಲ. ಕಬ್ಬಿಣವೇ ಬೇಕು. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಗಾಳಿ ಹುಟ್ಟುತ್ತದೆ. ಮೂರು ನಾಲ್ಕು ದಿನಕ್ಕೆ ನೀರು ಬೂದು ಅಥವಾ ಕೆಂಪಗಾಗುತ್ತದೆ. ಬಟ್ಟೆಯಲ್ಲಿ ಸೋಸಿಕೊಳ್ಳಿ.

ಹಲಗೆಯನ್ನು ಉಪ್ಪುಕಾಗದದಲ್ಲಿ ಉಜ್ಜಿ. ಹಾಲು ಹಾಕದೆ ಕಡು ಡಿಕಾಕ್ಷನ್ ಚಹಾ ಕುದಿಸಿ, ಆರಿಸಿ, ಬ್ರಷ್‌ನಲ್ಲಿ ಎರಡು ಸಲ ಬಳಿಯಿರಿ. ಇನ್ನೂ ಕಪ್ಪು ಬೇಕಾದರೆ ಗ್ರಂದಿಗೆ ಅಂಗಡಿಯಿಂದ ಅಳಲೆಕಾಯಿ ಪುಡಿ ತಂದು ಕುದಿಸಿ. ಪೂರ್ತಿ ಒಣಗಿದ ಮೇಲೆ ಮೊಳೆಯ ನೀರು ಬಳಿಯಿರಿ. ಕೆಲವು ನಿಮಿಷದಲ್ಲಿ ಕಣ್ಣೆದುರೇ ಬಣ್ಣ ಏರುತ್ತದೆ. ಮೊದಲು ಹಲಗೆಯ ಹಿಂಭಾಗದಲ್ಲಿ ಪರೀಕ್ಷೆ ಮಾಡಿ. ಒಂದೊಂದು ಮರ ಒಂದೊಂದು ಥರ. ಜಾಸ್ತಿ ಕಪ್ಪಾದರೆ ಮೊಳೆಯ ನೀರಿಗೆ ಸಾದಾ ನೀರು ಬೆರೆಸಿ. ಈ ಕೆಲಸ ಅಡುಗೆಮನೆ ಕಟ್ಟೆ ಮೇಲೆ ಬೇಡ, ಅಂಗಳದಲ್ಲಿ ಹಳೇ ಪೇಪರ್ ಹಾಸಿ ಮಾಡಿ. ಕೈಗೆ ಗ್ಲೌಸ್ ಇರಲಿ. ಕಲೆ ಹೋಗುವುದಿಲ್ಲ.

ಒಣಗಿದ ಮೇಲೆ ಅಂಚು, ಮೂಲೆಗಳನ್ನು ಮಾತ್ರ ಮತ್ತೆ ತುಸು ಉಜ್ಜಿ. ಹಳೇ ಹಲಗೆ ಸವೆಯುವುದು ಕೈ ತಾಗುವ ಕಡೆ, ಅಲ್ವಾ? ಇಡೀ ಹಲಗೆಗೆ ಸುತ್ತಿಗೆಯಿಂದ ಹೊಡೆದು ಗಾಯ ಮಾಡುವವರಿದ್ದಾರೆ. ನನಗದು ಇಷ್ಟವಿಲ್ಲ. ಸುಳ್ಳು ಗಾಯ ನೋಡಿದ ಕೂಡಲೇ ಗೊತ್ತಾಗುತ್ತದೆ.

ಕೊನೆಗೆ ಜೇನುಮೇಣ ತಿಕ್ಕಿ, ಇಲ್ಲವೇ ಹೊಳಪಿಲ್ಲದ ವಾರ್ನಿಷ್ ಕೊಡಿ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಹಚ್ಚಬೇಡಿ. ಅವು ಅಂಟಂಟಾಗಿ ದೂಳು ಹಿಡಿಯುತ್ತವೆ. ಅಗಸೆ ಎಣ್ಣೆ ಒಣಗುತ್ತದೆ, ಆದರೆ ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ತಾನಾಗಿಯೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಬಿಡಿಸಿ ಮನೆಯ ಹೊರಗೆ ಗಾಳಿಗೆ ಹರವಿ.

ಪ್ಯಾಕಿಂಗ್ ಪೆಟ್ಟಿಗೆಯ ಮರ ಬಳಸುವುದಾದರೆ ಅದರ ಮೇಲಿನ ಮುದ್ರೆ ನೋಡಿ. ಎಚ್‌ಟಿ ಎಂದಿದ್ದರೆ ಬಿಸಿ ಕೊಟ್ಟು ಹುಳು ಕೊಂದದ್ದು. ಎಂಬಿ ಎಂದಿದ್ದರೆ ವಿಷದ ಹೊಗೆ ಕೊಟ್ಟದ್ದು, ಅದು ಅಡುಗೆಮನೆಗೆ ಬೇಡ.

ಹಲಗೆಗೆ ಹೀಗೆ ಹಳೇ ಬಣ್ಣ ಕೊಡುವುದು ತಪ್ಪಲ್ಲ. ಆದರೆ ಅಜ್ಜಿಯ ಸಾಮಾನಿನ ಹಳೇ ನೋಟ ಕೆಡಿಸಬೇಡಿ. ಹಿತ್ತಾಳೆ ಫಳಫಳ ಹೊಳೆಯಬೇಕು ಅಂತ ಬಫಿಂಗ್ ಮಾಡಿಸುವವರು ಜಾಸ್ತಿ. ಬಳಸಿ ಸವೆದ ಗುರುತೂ ಅದರೊಂದಿಗೆ ಹೋಗುತ್ತದೆ. ಹುಣಸೆಹಣ್ಣು, ಉಪ್ಪು ಹಾಕಿ ಒಮ್ಮೆ ತಿಕ್ಕಿ, ತೊಳೆದು, ಒಣಬಟ್ಟೆಯಲ್ಲಿ ಒರೆಸಿ. ಹುಣಸೆಯ ಹುಳಿ ಮೇಲಿನ ಕಪ್ಪು ಪದರವನ್ನು ಕರಗಿಸುತ್ತದೆ. ಹಸಿರು ಕಿಲುಬು ಮಾತ್ರ ಒಂದು ಚೂರೂ ಉಳಿಯಬಾರದು, ಅದು ವಿಷ. ಮುಂದೆ ಇದೇ ಸೌಟನ್ನು ಸಾರಿಗೆ ಹಾಕುವ ಮನಸ್ಸಿದ್ದರೆ ಮೊದಲು ಕಲಾಯಿ ಹಾಕಿಸಿ.

ಪಾವು, ಚಟಾಕಿನ ಬಗ್ಗೆ ಒಂದು ಕೋರಿಕೆ. ನೇತುಹಾಕಲು ಅವುಗಳಿಗೆ ತೂತು ಕೊರೆಯಬೇಡಿ. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. 1956ರ ತೂಕ-ಅಳತೆ ಕಾಯಿದೆ ಬಂದು ಕೆಜಿ, ಲೀಟರ್ ಜಾರಿಯಾದ ಮೇಲೆ ಇವು ಅಂಗಡಿಯಿಂದ ಮರೆಯಾದವು. ಮನೆಗಳಲ್ಲಿ ಮಾತ್ರ ಇನ್ನೂ ಅಕ್ಕಿ ಅಳೆಯುತ್ತಿವೆ. ತೂತು ಬಿದ್ದ ಪಾವಿನಲ್ಲಿ ಮತ್ತೆ ಅಳೆಯಲಾಗದು. ಹಲಗೆಯ ಮೇಲಂಚಿಗೆ ಮೂರು ಇಂಚು ಅಗಲದ ಪಟ್ಟಿ ಜೋಡಿಸಿ, ಮುಂದೆ ಸಣ್ಣ ತಡೆ ಕೊಟ್ಟು, ಅವನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂರಿಸಿ. ಕೆಳಗೆ ನಾಲ್ಕು ನಾಲ್ಕು ಇಂಚಿಗೆ ಹಿತ್ತಾಳೆ ಕೊಕ್ಕೆ. ಮೂರಡಿ ಹಲಗೆಗೆ ಏಳೆಂಟು ಕೊಕ್ಕೆ ಹಿಡಿಯುತ್ತದೆ, ಆದರೆ ಐದಾರು ಸಾಮಾನು ಸಾಕು. ಈಳಿಗೆಮಣೆ ಮಾತ್ರ ತೂಗುಹಾಕಬೇಡಿ. ಕಳಚಿ ಬಿದ್ದರೆ ಅಪಾಯ.

ಹಿತ್ತಾಳೆ ಭಾರ. ಗೋಡೆಗೆ ಸುಮ್ನೆ ಮೊಳೆ ಹೊಡೆದರೆ ಗಾರೆ ಉದುರಿ ಎಲ್ಲ ಕೆಳಗೆ ಬರುತ್ತದೆ. ಡ್ರಿಲ್ ಮಾಡಿ, ವಾಲ್ ಪ್ಲಗ್ ಹಾಕಿ, ಎರಡೂ ತುದಿಗೆ ಸ್ಕ್ರೂ ಕೊಡಿ. ಸ್ವಿಚ್‌ಬೋರ್ಡ್‌ನ ನೇರ ಮೇಲೆ, ಕೆಳಗೆ ಕೊರೆಯಬೇಡಿ. ವೈರಿನ ಪೈಪು ಸಾಮಾನ್ಯವಾಗಿ ಅಲ್ಲೇ ಗೋಡೆಯೊಳಗೆ ಹೋಗಿರುತ್ತದೆ. ನಲ್ಲಿಯ ಮೇಲೂ ಹಾಗೇ. ಟೈಲ್ಸ್ ಇದ್ದರೆ ಎರಡು ಟೈಲ್ಸ್ ಕೂಡುವ ಸಂದಿನಲ್ಲಿ ಕೊರೆದರೆ ಒಡೆಯುವ ಭಯ ಕಡಿಮೆ. ಜಾಗ ಒಲೆಯಿಂದ ದೂರವಿರಲಿ. ಒಗ್ಗರಣೆ ಹೊಗೆಯ ಜಿಡ್ಡು ಜಾಲರಿಯ ತೂತುಗಳಲ್ಲಿ ಕೂತರೆ ಬಿಡಿಸುವುದು ಕಷ್ಟ. ಊಟದ ಮೇಜಿನ ಪಕ್ಕದ ಗೋಡೆ ಖಾಲಿ ಇದ್ದರೆ ಅಲ್ಲೇ ಹಾಕಿ.