ಕಣ್ಣಿಗೆ ಬೇಕಾದ ಎಣ್ಣೆ

ತುಂಬಾ ಹೊತ್ತು ಎಚ್ಚರವಾಗಿದ್ದು ಯಾರಿಗಾದರೂ ಕಾದರೆ 'ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ' ಎನ್ನುತ್ತೇವೆ. ಈ ಮಾತು ಹೇಗೆ ಹುಟ್ಟಿತೋ, ಅದರಲ್ಲೊಂದು ನಿಜ ಇದೆ. ಕಣ್ಣಿಗೆ ಎಣ್ಣೆ ಬೇಕು. ನಾವು ಬಿಡುವ ಎಣ್ಣೆಯಲ್ಲ, ರೆಪ್ಪೆಯೇ ತಯಾರಿಸುವ ಎಣ್ಣೆ. ಅದು ಸರಿಯಾಗಿ ಸಿಗದಿದ್ದರೆ ಕಣ್ಣು ಒಣಗುತ್ತದೆ. ಆಮೇಲೆ ಉರಿ, ಮರಳು ಬಿದ್ದ ಹಾಗೆ ಚುಚ್ಚುವುದು, ಸಂಜೆಯ ಹೊತ್ತಿಗೆ ರೆಪ್ಪೆ ಭಾರ. ಓದುತ್ತಿದ್ದ ಅಕ್ಷರ ಇದ್ದಕ್ಕಿದ್ದಂತೆ ಮಸುಕಾಗುತ್ತದೆ, ಒಮ್ಮೆ ಕಣ್ಣು ಮಿಟುಕಿಸಿದರೆ ಮತ್ತೆ ಸ್ಪಷ್ಟವಾಗುತ್ತದೆ.

ಕಣ್ಣು ಒಣಗಿದೆ ಎಂದರೆ ನೀರು ಕಡಿಮೆ ಎಂದೇ ನಾವೆಲ್ಲ ಅಂದುಕೊಳ್ಳುತ್ತೇವೆ. ಹಾಗಾಗಿ ವೈದ್ಯರು 'ನಿಮಗಿರೋದು ಡ್ರೈ ಐ' ಎಂದಾಗ ಎಷ್ಟೋ ಜನರಿಗೆ ನಂಬಿಕೆಯೇ ಬರುವುದಿಲ್ಲ. 'ಗಾಳಿಗೆ ಹೋದರೆ ಸಾಕು ಕಣ್ಣಲ್ಲಿ ನೀರು ಸುರಿಯುತ್ತೆ, ಒಣಗಿದೆ ಅಂತೀರಲ್ಲ!' ಎನ್ನುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಉತ್ತರ ತಿಳಿಯಬೇಕಾದರೆ ಕಣ್ಣೀರು ಏನು ಎಂದು ಸ್ವಲ್ಪ ನೋಡಬೇಕು.

ಕಣ್ಣೀರು ಬರೀ ಉಪ್ಪುನೀರಲ್ಲ. ಕಣ್ಣಗುಡ್ಡೆಯ ಮುಂದೆ ಗಾಜಿನಂಥ ಒಂದು ಭಾಗವಿದೆ, ಅದೇ ಕಾರ್ನಿಯಾ. ಅದರಲ್ಲಿ ರಕ್ತನಾಳಗಳಿಲ್ಲ. ಎಚ್ಚರವಾಗಿರುವಾಗ ಅದಕ್ಕೆ ಆಮ್ಲಜನಕ ಮುಖ್ಯವಾಗಿ ಹೊರಗಿನ ಗಾಳಿಯಿಂದ, ಕಣ್ಣೀರಿನ ಮೂಲಕ ಸಿಗುತ್ತದೆ. ಈ ಕಣ್ಣೀರಿನ ಪದರದ ದಪ್ಪ ಕೆಲವೇ ಮೈಕ್ರಾನ್. ತಲೆಗೂದಲಿನ ಹತ್ತನೇ ಒಂದು ಪಾಲೂ ಇಲ್ಲ. ಅಷ್ಟು ತೆಳು ಪದರದಲ್ಲೂ ಮೂರು ಬಗೆಯ ವಸ್ತುಗಳಿವೆ. ಕೆಳಗೆ ಲೋಳೆ. ನೀರು ಜಾರಿಹೋಗದೆ ಕಾರ್ನಿಯಾಕ್ಕೆ ಅಂಟಿಕೊಳ್ಳುವುದು ಇದರಿಂದ. ನಡುವೆ ನೀರು. ಅದರಲ್ಲಿ ಉಪ್ಪು, ಪ್ರೋಟೀನು, ಬ್ಯಾಕ್ಟೀರಿಯಾಗಳನ್ನು ಒಡೆಯುವ ಲೈಸೋಜೈಮ್ ಎಲ್ಲ ಇವೆ. ಮೇಲೆ ಎಣ್ಣೆ. ನೀರು ಗಾಳಿಗೆ ಆರಿಹೋಗದಂತೆ ತಡೆಯುವುದು ಈ ಎಣ್ಣೆ.

ಈ ಎಣ್ಣೆ ಬರುವ ಗ್ರಂಥಿಗಳನ್ನು 1666ರಲ್ಲಿ ಜರ್ಮನ್ ವೈದ್ಯ ಹೈನ್ರಿಕ್ ಮೈಬೋಮ್ ವಿವರಿಸಿದರು. ಅವರ ಹೆಸರಿನಿಂದಲೇ ಅವಕ್ಕೆ ಮೈಬೋಮಿಯನ್ ಗ್ರಂಥಿಗಳು ಎನ್ನುತ್ತಾರೆ. ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಇರುತ್ತವೆ. ರೆಪ್ಪೆಗೂದಲಿನ ಸಾಲಿನ ಹಿಂದೆಯೇ ಅವುಗಳ ಬಾಯಿ. ಕಣ್ಣು ಮುಚ್ಚಿದಾಗ ರೆಪ್ಪೆಯ ಸ್ನಾಯು ಗ್ರಂಥಿಗಳನ್ನು ಹಿಂಡುತ್ತದೆ, ಒಂದಿಷ್ಟು ಎಣ್ಣೆ ಹೊರಬರುತ್ತದೆ. ಕಣ್ಣು ತೆರೆದಾಗ ಅದು ಇಡೀ ಕಣ್ಣಿನ ಮೇಲೆ ಹರಡುತ್ತದೆ. ಕಣ್ಣು ಮಿಟುಕಿಸುವುದು ಸುಮ್ನೆ ಒಂದು ಅಭ್ಯಾಸ ಅಲ್ಲ, ನೋಡಿ. ಅದೊಂದು ಪಂಪು.

ಕಣ್ಣು ಒಣಗುವ ತೊಂದರೆ ಇರುವ ಹೆಚ್ಚಿನವರಲ್ಲಿ ಕೈಕೊಡುವುದು ಈ ಎಣ್ಣೆಯೇ. ಎಣ್ಣೆ ದಪ್ಪವಾಗಿ ಗ್ರಂಥಿಯ ಬಾಯಲ್ಲೇ ಕಟ್ಟಿಕೊಳ್ಳುತ್ತದೆ. ಮೇಲೆ ಮುಚ್ಚಳ ಇಲ್ಲದ ನೀರು ಬೇಗ ಆರುತ್ತದೆ. ಉಳಿದದ್ದರಲ್ಲಿ ಉಪ್ಪಿನಂಶ ಜಾಸ್ತಿಯಾಗುತ್ತದೆ. ಆ ಉಪ್ಪು ಕಣ್ಣಿನ ಮೇಲ್ಮೈಯನ್ನು ಕೆರಳಿಸಿ ಉರಿಯೂತ ತರುತ್ತದೆ. ಉರಿಯೂತದಿಂದ ಲೋಳೆ ತಯಾರಿಸುವ ಜೀವಕೋಶಗಳು ಸಾಯುತ್ತವೆ. ಲೋಳೆ ಕಡಿಮೆಯಾದರೆ ಕಣ್ಣೀರಿನ ಪದರ ಇನ್ನೂ ಬೇಗ ಒಡೆಯುತ್ತದೆ. ಹೀಗೆ ಸುತ್ತಿ ಸುತ್ತಿ ಅಲ್ಲಿಗೇ ಬರುವುದರಿಂದ ಈ ತೊಂದರೆ ತಾನಾಗಿಯೇ ಹೋಗುವುದು ಕಷ್ಟ.

ಹಾಗಾದರೆ ನೀರು ಸುರಿಯುವುದು ಏಕೆ? ದೇಹದಲ್ಲೇ ನರಗಳು ಅತಿ ದಟ್ಟವಾಗಿರುವ ಜಾಗಗಳಲ್ಲಿ ಕಾರ್ನಿಯಾ ಒಂದು. ಅಲ್ಲಿ ಒಣಗಿದ ಚುಕ್ಕೆಗಳು ಮೂಡಿದ ಕೂಡಲೇ ನರಗಳು ಮಿದುಳಿಗೆ ತಿಳಿಸುತ್ತವೆ. ಹುಬ್ಬಿನ ಹೊರತುದಿಯ ಕೆಳಗಿರುವ ಕಣ್ಣೀರಿನ ಗ್ರಂಥಿ ಒಮ್ಮೆಲೇ ನೀರು ಬಿಡುತ್ತದೆ. ಈರುಳ್ಳಿ ಹೆಚ್ಚುವಾಗ ಬರುವುದೂ ಇಂಥದೇ ನೀರು. ಅದು ತೊಳೆಯುವ ನೀರು, ಕಣ್ಣನ್ನು ಕಾಯುವ ನೀರಲ್ಲ. ಎಣ್ಣೆಯ ಮುಚ್ಚಳ ಸರಿಯಿಲ್ಲದ ಕಣ್ಣಲ್ಲಿ ಅದು ನಿಲ್ಲುವುದಿಲ್ಲ, ಕೆನ್ನೆಗೆ ಇಳಿದುಹೋಗುತ್ತದೆ. ಕಣ್ಣು ಮತ್ತೆ ಒಣಗುತ್ತದೆ.

ಇನ್ನು ಪರದೆಯ ವಿಷಯ. ಆರಾಮವಾಗಿ ಮಾತಾಡುತ್ತಾ ಕೂತಾಗ ನಾವು ನಿಮಿಷಕ್ಕೆ ಸುಮಾರು 15ರಿಂದ 20 ಸಲ ಕಣ್ಣು ಮಿಟುಕಿಸುತ್ತೇವೆ. ಫೋನು, ಕಂಪ್ಯೂಟರಿನ ಮುಂದೆ ಅದು ಅರ್ಧಕ್ಕೂ ಕೆಳಗೆ ಇಳಿಯಬಹುದು. 'ಎವೆಯಿಕ್ಕದೆ ನೋಡಿದ' ಅಂತೀವಲ್ವಾ, ದಿನವಿಡೀ ಮಾಡುತ್ತಿರುವುದು ಅದನ್ನೇ. ಪುಸ್ತಕ ಓದುವಾಗಲೂ ಹೀಗಾಗುತ್ತದೆ, ಹಾಗಾಗಿ ತಪ್ಪೆಲ್ಲ ಪರದೆಯ ಬೆಳಕಿನದಲ್ಲ. ನನಗೆ ಇದಕ್ಕಿಂತ ದೊಡ್ಡದು ಎನಿಸುವುದು ಇನ್ನೊಂದು. ಮಿಟುಕಿಸುವ ಆ ಕೆಲವೇ ಸಲವೂ ಎಷ್ಟೋ ಬಾರಿ ಮೇಲಿನ ರೆಪ್ಪೆ ಕೆಳಗಿನದನ್ನು ಮುಟ್ಟುವುದೇ ಇಲ್ಲ. ಅರ್ಧಕ್ಕೆ ಬಂದು ಹಿಂತಿರುಗುತ್ತದೆ. ಅಂದರೆ ಪಂಪು ಒತ್ತಿದಂತಾಯಿತು, ಎಣ್ಣೆ ಬರಲಿಲ್ಲ.

ಆದ್ದರಿಂದ ಮೊದಲ ಮದ್ದು ಮಿಟುಕಿಸುವುದನ್ನು ಮತ್ತೆ ಕಲಿಯುವುದು. ಕಣ್ಣನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ಎರಡು ಸೆಕೆಂಡ್ ಹಾಗೇ ಇರಿ, ತೆರೆಯಿರಿ. ಗಂಟೆಗೆ ಕೆಲವು ಬಾರಿ ಹೀಗೆ ಹತ್ತು ಹತ್ತು ಸಲ ಮಾಡಿ. ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ಕೊಂಚ ಕೆಳಗಿಡಿ. ಕೆಳಗೆ ನೋಡುವಾಗ ರೆಪ್ಪೆ ಇಳಿದಿರುತ್ತದೆ, ಗಾಳಿಗೆ ತೆರೆದಿರುವ ಜಾಗ ಕಡಿಮೆಯಾಗುತ್ತದೆ. ಫ್ಯಾನು, ಏಸಿಯ ಗಾಳಿ ನೇರ ಮುಖಕ್ಕೆ ಬಡಿಯದಂತೆ ತಿರುಗಿಸಿಕೊಳ್ಳಿ.

ಎರಡನೆಯದು ಬಿಸಿ ಕಾವು. ಗಟ್ಟಿಯಾದ ಎಣ್ಣೆ ಕರಗಬೇಕಾದರೆ ರೆಪ್ಪೆಗೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಬೇಕು, ಐದರಿಂದ ಹತ್ತು ನಿಮಿಷ. ಒದ್ದೆ ಬಟ್ಟೆ ಇಟ್ಟರೆ ಒಂದೆರಡು ನಿಮಿಷದಲ್ಲೇ ತಣ್ಣಗಾಗುತ್ತದೆ. 'ನಾನೂ ಮಾಡಿ ನೋಡಿದೆ, ಏನೂ ಆಗಲಿಲ್ಲ' ಎನ್ನುವವರಲ್ಲಿ ಎಷ್ಟೋ ಜನ ಸೋಲುವುದು ಇಲ್ಲೇ. ಬಟ್ಟೆಯನ್ನು ಮತ್ತೆ ಮತ್ತೆ ಬಿಸಿನೀರಲ್ಲಿ ಅದ್ದಬೇಕು, ಇಲ್ಲವೇ ಬಿಸಿ ಉಳಿಸಿಕೊಳ್ಳುವ ಕಣ್ಪಟ್ಟಿ ಬಳಸಬೇಕು. ಚರ್ಮ ಸುಡುವಷ್ಟು ಬಿಸಿ ಮಾತ್ರ ಬೇಡ. ಕಾವು ಕೊಟ್ಟ ತಕ್ಷಣ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಹಗುರವಾಗಿ ನೀವಿ. ಗುಡ್ಡೆಯನ್ನು ಒತ್ತಬೇಡಿ. ಗುಣ ಕಾಣಲು ವಾರಗಳು ಬೇಕು, ದಿನಗಳಲ್ಲ. ಒಂದು ಮಾತು: ಎಣ್ಣೆ ಬೇಕು ಎಂದೆನಲ್ಲ, ಹಾಗಂತ ಮನೆಯಲ್ಲಿರುವ ಯಾವ ಎಣ್ಣೆಯನ್ನೂ ಕಣ್ಣಿಗೆ ಬಿಡಬೇಡಿ.

ಎಣ್ಣೆಯ ಮಾತ್ರೆ ನುಂಗಿದರೆ? ಒಮೆಗಾ-3 ಮಾತ್ರೆಯ ಬಗ್ಗೆ ಎಲ್ಲರಿಗೂ ದೊಡ್ಡ ನಿರೀಕ್ಷೆ ಇತ್ತು. ಅಮೆರಿಕದಲ್ಲಿ 535 ಜನರಿಗೆ ಒಂದು ವರ್ಷ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕೆಲವರಿಗೆ ದಿನಕ್ಕೆ 3 ಗ್ರಾಂ ಒಮೆಗಾ-3, ಉಳಿದವರಿಗೆ ಆಲಿವ್ ಎಣ್ಣೆಯ ಮಾತ್ರೆ. ಎರಡೂ ಗುಂಪಿನವರಿಗೆ ಒಂದಿಷ್ಟು ಆರಾಮ ಸಿಕ್ಕಿತು. ಆದರೆ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಕೃತಕ ಕಣ್ಣೀರಿನ ಹನಿಗಳು ಸಹಾಯ ಮಾಡುತ್ತವೆ. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಹಾಕಬೇಕಾದರೆ ಪ್ರಿಸರ್ವೇಟಿವ್ ಇಲ್ಲದ ಹನಿಯನ್ನೇ ಕೇಳಿ. ಔಷಧ ಕೆಡದಂತೆ ಸೇರಿಸುವ ಬೆನ್ಜಾಲ್ಕೋನಿಯಂ ಕ್ಲೋರೈಡ್ ಕಣ್ಣೀರಿನ ಪದರವನ್ನೇ ಹಾಳುಮಾಡುತ್ತದೆ. ಕೆಂಪು ಕಳೆಯುವ ಹನಿಗಳು ಬೇರೆ. ಅವು ರಕ್ತನಾಳಗಳನ್ನು ಕುಗ್ಗಿಸುತ್ತವೆ ಅಷ್ಟೇ, ಬಿಟ್ಟ ಮೇಲೆ ಕೆಂಪು ಇನ್ನೂ ಹೆಚ್ಚಾಗಬಹುದು. ಸ್ಟೀರಾಯ್ಡ್ ಹನಿಯನ್ನಂತೂ ವೈದ್ಯರು ಹೇಳದೆ ಮುಟ್ಟಲೇಬೇಡಿ. ಎರಡೇ ದಿನದಲ್ಲಿ ಆರಾಮ ಅನಿಸುತ್ತದೆ, ಆದರೆ ಹೆಚ್ಚು ಕಾಲ ಬಳಸಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು.

ಇಷ್ಟೆಲ್ಲ ಮಾಡಿಯೂ ಕಡಿಮೆಯಾಗದಿದ್ದರೆ ಕಣ್ಣಿನ ವೈದ್ಯರ ಬಳಿ ಹೋಗಿ. ಅವರು ಒಂದು ಹಳದಿ ಬಣ್ಣ ಹಾಕಿ, ಕಣ್ಣೀರಿನ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಎಂದು ನೋಡುತ್ತಾರೆ. ಹತ್ತು ಸೆಕೆಂಡಿಗೂ ಮೊದಲೇ ಒಡೆದರೆ ಏನೋ ಸರಿಯಿಲ್ಲ. ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ, ಐದು ನಿಮಿಷದಲ್ಲಿ ಎಷ್ಟು ಮಿಲಿಮೀಟರ್ ಒದ್ದೆಯಾಯಿತು ಎಂದು ಅಳೆಯುವುದೂ ಉಂಟು. ಓಟೋ ಶಿರ್ಮರ್ 1903ರಲ್ಲಿ ತಂದ ಪರೀಕ್ಷೆ ಅದು, ಇಂದಿಗೂ ನಡೆಯುತ್ತಿದೆ. ನೀವು ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಹೇಳುವುದನ್ನು ಮರೆಯಬೇಡಿ. ಅಲರ್ಜಿ, ಖಿನ್ನತೆ, ಮೊಡವೆಗೆ ಕೊಡುವ ಕೆಲವು ಔಷಧಗಳು ಕಣ್ಣನ್ನು ಒಣಗಿಸುತ್ತವೆ. ಮುಟ್ಟು ನಿಂತ ಹೆಂಗಸರಲ್ಲಿ ಈ ತೊಂದರೆ ಹೆಚ್ಚು. ತೀವ್ರ ನೋವು, ದೃಷ್ಟಿ ಇಳಿಯುವುದು, ಬೆಳಕು ತಡೆಯಲಾಗದಿರುವುದು ಇದ್ದರೆ ಒಂದು ದಿನವೂ ಕಾಯಬೇಡಿ.

ಕಣ್ಣಿನ ಜೊತೆ ಬಾಯಿಯೂ ಒಣಗುತ್ತಿದ್ದರೆ, ಕೀಲುಗಳಲ್ಲಿ ನೋವಿದ್ದರೆ ಅದನ್ನೂ ಹೇಳಿ. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ ವಿವರವಾಗಿ ಬರೆದದ್ದು ಇದೇ ಕಾಯಿಲೆಯ ಬಗ್ಗೆ. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿಬೀಳುತ್ತದೆ. ಇಲ್ಲಿ ಕೊರತೆ ನಿಜವಾಗಿ ನೀರಿನದು. ದುಃಖ ಉಕ್ಕಿ ಬಂದರೂ ಕಣ್ಣೀರು ಬಾರದವರೂ ಇವರಲ್ಲಿದ್ದಾರೆ.

ಬೆಳಿಗ್ಗೆ ಏಳುವಾಗಲೇ ಉರಿ ಜಾಸ್ತಿ ಇರುವವರು ಒಂದು ಕೆಲಸ ಮಾಡಿ. ನೀವು ಮಲಗಿ ನಿದ್ದೆ ಹೋದ ಮೇಲೆ ರೆಪ್ಪೆ ಪೂರ್ತಿ ಮುಚ್ಚಿದೆಯಾ ಎಂದು ಮನೆಯವರಿಗೆ ನೋಡಲು ಹೇಳಿ. ಕೆಲವರಿಗೆ ಸಣ್ಣ ಸಂದು ತೆರೆದೇ ಇರುತ್ತದೆ, ಅದು ಅವರಿಗೆ ಗೊತ್ತೇ ಇರುವುದಿಲ್ಲ. ಅಂಥವರಿಗೆ ಮಲಗುವ ಮುನ್ನ ಹಚ್ಚಿಕೊಳ್ಳಲು ಕಣ್ಣಿನ ಮುಲಾಮು ಸಿಗುತ್ತದೆ.