ಎಂಟನೇ ಹಾಡಿನ ಜಗಳ: ಫಿಯರ್ ಫ್ಯಾಕ್ಟರಿಗೆ ರ‍್ಯಾಪ್ ಬಂದದ್ದು ಎಲ್ಲಿಂದ?

ಮೈಸೂರಲ್ಲಿ ಹೆವಿ ಮೆಟಲ್ ಕೇಳುವವರು ಬೆರಳೆಣಿಕೆಯಷ್ಟು ಜನ. ಆದರೂ ಕುಕ್ಕರಹಳ್ಳಿ ಕೆರೆ ಕಡೆಯ ಟೀ ಅಂಗಡಿ ಮುಂದೆ ಅವರಲ್ಲಿ ನಾಲ್ವರು ಸೇರಿ ಅಮೆರಿಕದ ಮೆಟಲ್ ತಂಡ ಫಿಯರ್ ಫ್ಯಾಕ್ಟರಿಯ ಹೆಸರು ಎತ್ತಿದರೆ ಸಾಕು, ಎರಡು ಪಕ್ಷ ಆಗಿಬಿಡುತ್ತದೆ. ಜಗಳ ಒಂದೇ ಹಾಡಿನದು. 2001ರ ಏಪ್ರಿಲ್‌ನಲ್ಲಿ ಬಂದ 'ಡಿಜಿಮಾರ್ಟಲ್' ಆಲ್ಬಮ್‌ನ ಎಂಟನೇ ಹಾಡು. ಹೆಸರಲ್ಲೇ ಬೈಗುಳ ಇರುವುದರಿಂದ ಇಲ್ಲಿ 'ಎಂಟನೇ ಹಾಡು' ಅಂತಲೇ ಕರೆಯೋಣ. ಇದರಲ್ಲಿ ಸೈಪ್ರೆಸ್ ಹಿಲ್ ಅನ್ನುವ ರ‍್ಯಾಪ್ ತಂಡದ ಬಿ-ರಿಯಲ್ ಬಂದು ರ‍್ಯಾಪ್ ಮಾಡಿದ್ದಾರೆ.

"ಇದೊಂದು ಹಾಡು ಇಲ್ದೇ ಇದ್ದಿದ್ರೆ ಬ್ಯಾಂಡ್ ಒಡೀತಾನೇ ಇರ್ಲಿಲ್ಲ ಕಣೋ" ಅನ್ನುವವರು ನಲವತ್ತು ದಾಟಿದವರು. "ಸುಮ್ನಿರಣ್ಣ, ಆ ಆಲ್ಬಮ್‌ನಲ್ಲಿ ಮಜಾ ಇರೋದೇ ಅದ್ರಲ್ಲಿ" ಅನ್ನುವವರು ಯುವ ದಸರಾದಲ್ಲಿ ಕನ್ನಡ ರ‍್ಯಾಪ್ ಕೇಳಿ ಬೆಳೆದ ಹುಡುಗರು.

ದೊಡ್ಡವರ ಸಿಟ್ಟು ಅರ್ಥವಾಗಬೇಕಾದರೆ ಅವರು ಪ್ರೀತಿಸಿದ ಸದ್ದು ಯಾವುದು ಅಂತ ಗೊತ್ತಿರಬೇಕು. ಲಾಸ್ ಏಂಜಲೀಸ್‌ನ ಈ ತಂಡದ ಮೊದಲ ಆಲ್ಬಮ್ 1992ರದು. ಹೆಸರು ತಂದದ್ದು 1995ರ 'ಡಿಮ್ಯಾನ್ಯುಫ್ಯಾಕ್ಚರ್'. ಅದರಲ್ಲಿ ರೇಮಂಡ್ ಹೆರೆರಾ ಅವರ ಬಾಸ್ ಡ್ರಮ್ಮಿನ ಒಂದೊಂದು ಏಟಿಗೂ ಡೀನೋ ಕಜಾರೆಸ್ ಅವರ ಗಿಟಾರ್‌ನ ಒಂದೊಂದು ಮೀಟು ಕರಾರುವಾಕ್ಕಾಗಿ ಕೂರುತ್ತದೆ. ಡೀನೋ ಎಡ ಅಂಗೈಯ ಅಂಚಿನಿಂದ ತಂತಿಯನ್ನು ಒತ್ತಿ ಹಿಡಿದು ಮೀಟುತ್ತಾರೆ. ಸ್ವರ ಹುಟ್ಟಿದ ಕೂಡಲೇ ಸಾಯುತ್ತದೆ. ಮೇಲೆ ರೀಸ್ ಫುಲ್ಬರ್ ಅವರ ಕೀಬೋರ್ಡ್ ತಣ್ಣಗೆ ಹರಡಿಕೊಂಡಿರುತ್ತದೆ. ಬರ್ಟನ್ ಸಿ. ಬೆಲ್ ಒಂದು ಸಾಲಲ್ಲಿ ಗರ್ಜಿಸಿ, ಮುಂದಿನ ಸಾಲನ್ನು ದನಿ ಎಳೆದು ಹಾಡುತ್ತಾರೆ. ಯಂತ್ರದ ಹಿಡಿತದಲ್ಲಿ ಸಿಕ್ಕ ಮನುಷ್ಯನ ಕಥೆಗೆ ಇದಕ್ಕಿಂತ ಸರಿಯಾದ ಸದ್ದು ನಾನು ಕೇಳಿಲ್ಲ.

ಅಂಥ ಕಡೆ ರ‍್ಯಾಪ್ ಬಂದರೆ ಅಪಚಾರ ಅನ್ನುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಫಿಯರ್ ಫ್ಯಾಕ್ಟರಿಯದು ಯಂತ್ರದ ಸದ್ದನ್ನೇ ಸಂಗೀತ ಮಾಡುವ 'ಇಂಡಸ್ಟ್ರಿಯಲ್' ಬಳಗ. ಇಂಡಸ್ಟ್ರಿಯಲ್ ಮತ್ತು ರ‍್ಯಾಪ್ ಶುರುವಿನಿಂದಲೂ ನೆಂಟರೇ. ಡ್ರಮ್ ಮಷೀನು, ಸದ್ದಿನ ತುಣುಕು ಹಿಡಿದು ಮತ್ತೆ ನುಡಿಸುವ ಸ್ಯಾಂಪ್ಲರು ಎರಡು ಮನೆಯಲ್ಲೂ ಇದ್ದವು. ನ್ಯೂಜೆರ್ಸಿಯ ಷುಗರ್‌ಹಿಲ್ ಕಂಪನಿಯ ಹಳೆಯ ರ‍್ಯಾಪ್ ರೆಕಾರ್ಡುಗಳಿಗೆ ನುಡಿಸಿದ ಕೀತ್ ಲೆಬ್ಲಾಂಕ್, ಡಗ್ ವಿಂಬಿಷ್, ಸ್ಕಿಪ್ ಮೆಕ್‌ಡೊನಾಲ್ಡ್ ಆಮೇಲೆ ಇಂಗ್ಲೆಂಡಿನ ಏಡ್ರಿಯನ್ ಷರ್‌ವುಡ್ ಜೊತೆ ಸೇರಿ ಟ್ಯಾಕ್‌ಹೆಡ್ ತಂಡ ಕಟ್ಟಿದರು. ಅದೇ ಷರ್‌ವುಡ್ 1986ರಲ್ಲಿ ಇಂಡಸ್ಟ್ರಿಯಲ್ ತಂಡ ಮಿನಿಸ್ಟ್ರಿಯ 'ಟ್ವಿಚ್' ಆಲ್ಬಮ್‌ನ ನಿರ್ಮಾಪಕ. ಇನ್ನೊಂದು ಇಂಡಸ್ಟ್ರಿಯಲ್ ತಂಡ ನೈನ್ ಇಂಚ್ ನೇಲ್ಸ್‌ನ ಮೊದಲ ಸಿಂಗಲ್ ಬಂದದ್ದು 1989ರಲ್ಲಿ. ಅದರ ಚರಣಗಳನ್ನು ಕೇಳಿ, ಹೆಚ್ಚುಕಮ್ಮಿ ರ‍್ಯಾಪೇ. ಬರ್ಮಿಂಗ್‌ಹ್ಯಾಮ್‌ನ ಗಾಡ್‌ಫ್ಲೆಷ್ ತಂಡದ ಡ್ರಮ್ ಮಷೀನಿನ ಭಾರದ ಏಟಿಗೆ ಹಿಪ್‌ಹಾಪ್‌ನ ಋಣ ಇದೆ. ಫಿಯರ್ ಫ್ಯಾಕ್ಟರಿ ಕಲಿತದ್ದು ಆ ಗಾಡ್‌ಫ್ಲೆಷ್‌ನಿಂದ.

ಬಿ-ರಿಯಲ್ ಕೂಡ ಆ ಹೊತ್ತಿಗೆ ಸುಮ್ನೆ ದುಡ್ಡು ಕೊಟ್ಟು ಕರೆಸಿದ ಅತಿಥಿ ಅಲ್ಲ. 1993ರ 'ಜಡ್ಜ್‌ಮೆಂಟ್ ನೈಟ್' ಸಿನಿಮಾದ ಆಲ್ಬಮ್‌ನಲ್ಲಿ ಪ್ರತಿ ಹಾಡಿಗೂ ಒಂದು ರಾಕ್ ತಂಡ, ಒಂದು ರ‍್ಯಾಪ್ ತಂಡ ಜೋಡಿ. ಅದರಲ್ಲಿ ಸೈಪ್ರೆಸ್ ಹಿಲ್ ಎರಡು ಹಾಡಿಗೆ ಸೇರಿತ್ತು. 2000ದ 'ಸ್ಕಲ್ ಅಂಡ್ ಬೋನ್ಸ್'ನಲ್ಲಿ ಅವರು ಎರಡನೇ ಸಿ.ಡಿ.ಯನ್ನೇ ರಾಕ್‌ಗೆ ಬಿಟ್ಟರು. ಆ ಹಾಡುಗಳಿಗೆ ನುಡಿಸಿದವರಲ್ಲಿ ಫಿಯರ್ ಫ್ಯಾಕ್ಟರಿಯ ಡೀನೋ, ಕ್ರಿಸ್ಟಿಯನ್ ಓಲ್ಡ್ ವೋಲ್ಬರ್ಸ್ ಇದ್ದರು. ಒಂದೇ ಊರಿನವರು, ಕೊಟ್ಟು ತಗೊಂಡು ಮಾಡಿದ ಕೆಲಸ ಇದು. ಅದಕ್ಕೂ ಮುಂಚೆ, 1998ರ 'ಆಬ್ಸೊಲೀಟ್' ಆಲ್ಬಮ್‌ನ 'ಎಡ್ಜ್‌ಕ್ರಷರ್' ಹಾಡಲ್ಲೇ ರೆಕಾರ್ಡ್ ಉಜ್ಜುವ ಡಿ.ಜೆ. ಸದ್ದು ಬಂದಿತ್ತು. ಆಗ ಯಾರೂ ಇಷ್ಟು ಗಲಾಟೆ ಮಾಡಿರಲಿಲ್ಲ.

ಹಾಗಾದರೆ ಎಂಟನೇ ಹಾಡಿನ ಮೇಲೆ ಮಾತ್ರ ಯಾಕೆ ಕೋಪ? ಅರ್ಧ ಕಾರಣ ಕಾಲ. 1999ರಲ್ಲಿ ಲಿಂಪ್ ಬಿಜ್ಕಿಟ್, 2000ದ ಅಕ್ಟೋಬರ್‌ನಲ್ಲಿ ಲಿಂಕಿನ್ ಪಾರ್ಕ್ ತಂಡಗಳ ಆಲ್ಬಮ್ ಬಂದವು. ಎಲ್ಲಿ ನೋಡಿದರೂ ರ‍್ಯಾಪ್ ಮೆಟಲ್. ಹಳೇ ಅಭಿಮಾನಿಗೆ, ನಮ್ಮವರೂ ಆ ಸಾಲಲ್ಲಿ ಹೋಗಿ ನಿಂತರಲ್ಲ ಅನ್ನಿಸಿತು.

ಮೈಸೂರಿನಲ್ಲಿ ಇನ್ನೊಂದು ಕಾರಣವೂ ಸೇರಿತು. ಇಲ್ಲಿ ಆಲ್ಬಮ್ ಕೈಗೆ ಬಂದದ್ದು ಎಂಪಿ3 ಸಿ.ಡಿ.ಯಾಗಿ, ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಿಂದಲೋ ಹಾಸ್ಟೆಲ್ ಕಂಪ್ಯೂಟರಿನಿಂದಲೋ. ಎಷ್ಟೋ ಫೈಲುಗಳಿಗೆ ಹಾಡಿನ ನಂಬರೇ ಇರುತ್ತಿರಲಿಲ್ಲ. ಪ್ಲೇಯರ್ ಅಕ್ಷರಮಾಲೆ ಪ್ರಕಾರ ಜೋಡಿಸಿಬಿಡುತ್ತಿತ್ತು. ಹೆಸರು ಇಂಗ್ಲಿಷಿನ 'ಬಿ'ಯಿಂದ ಶುರುವಾಗುವ ಎಂಟನೇ ಹಾಡು ಹೀಗೆ ಮೊದಲ ಎರಡು ಮೂರರೊಳಗೇ ಮೊಳಗಿತು. 'ಲಿಂಚ್‌ಪಿನ್' ಅನ್ನುವ ಅದೇ ಆಲ್ಬಮ್‌ನ ಹಾಡು ಬರುವ ಮೊದಲೇ ಕೇಳುಗನ ತಲೆ ಕೆಟ್ಟಿತ್ತು.

ಹುಡುಗರು ಚೌಡಯ್ಯನವರ ಹೆಸರು ಎತ್ತುತ್ತಾರೆ. ಮೈಕ್ ಇಲ್ಲದ ಸಭೆಯಲ್ಲಿ ಕೊನೇ ಸಾಲಿಗೂ ಕೇಳಲಿ ಅಂತ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದ ಊರಿದು, ಇಲ್ಲಿ ಕೂತು ಬೆರಕೆ ಬೇಡ ಅಂದರೆ ಹೇಗೆ ಅಂತ ಅವರ ವಾದ. ಮಾತು ಚೆನ್ನಾಗಿದೆ, ಅರ್ಧಕ್ಕೆ ನಿಂತಿದೆ ಅಷ್ಟೆ. ಚೌಡಯ್ಯನವರ ಹೆಚ್ಚಿನ ತಂತಿಗಳು ಅದೇ ರಾಗವನ್ನು ಇನ್ನೂ ದೊಡ್ಡದಾಗಿ ಹೇಳಿದವು. ಎಂಟನೇ ಹಾಡಿನಲ್ಲಿ ಆಗುವುದು ಅದಲ್ಲ. ಆಲ್ಬಮ್ ಪೂರ್ತಿ ಮನುಷ್ಯ ಯಂತ್ರದೊಳಗೆ ಬೆರೆತುಹೋಗುವ ಮಾತಾಡುತ್ತದೆ. ಈ ಹಾಡು ಮಾತ್ರ ಬೀದಿ ಜಗಳದ ಸವಾಲು ಹಾಕುತ್ತದೆ. ಬಿ-ರಿಯಲ್ ದನಿಯಲ್ಲಿ ತಪ್ಪಿಲ್ಲ, ಆ ಮೂಗಿನ ದನಿ ನನಗೆ ಬಹಳ ಇಷ್ಟ. ಆದರೆ ಅವರು ಮಾತಾಡುವಾಗ ಗಿಟಾರು, ಡ್ರಮ್ಮು ಒಟ್ಟಿಗೆ ಹೆಣೆಯುವ ಆ ಯಂತ್ರ ಹಿಂದೆ ಸರಿದು ದಾರಿ ಬಿಡುತ್ತದೆ. 'ಎಡ್ಜ್‌ಕ್ರಷರ್'ನಲ್ಲಿ ಹಿಪ್‌ಹಾಪ್ ಯಂತ್ರದ ಒಳಗೇ ಇತ್ತು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದರೆ ವ್ಯತ್ಯಾಸ ತಾನೇ ತಿಳಿಯುತ್ತದೆ.

ಬ್ಯಾಂಡ್ 2002ರಲ್ಲಿ ಒಡೆಯಿತು. ಆ ಪಾಪವನ್ನೂ ಈ ಹಾಡಿನ ತಲೆಗೇ ಕಟ್ಟುತ್ತಾರೆ, ಆದರೆ ಒಳಗಿನವರ ಮನಸ್ತಾಪ ಅದಕ್ಕಿಂತ ದೊಡ್ಡದಿತ್ತು. ಡೀನೋ ಇಲ್ಲದೆ ಉಳಿದವರು ಮತ್ತೆ ಸೇರಿ 2004ರಲ್ಲಿ 'ಆರ್ಕಿಟೈಪ್', 2005ರಲ್ಲಿ 'ಟ್ರಾನ್ಸ್‌ಗ್ರೆಷನ್' ಮಾಡಿದರು. ಎರಡರಲ್ಲೂ ಅತಿಥಿ ರ‍್ಯಾಪರ್ ಯಾರೂ ಇಲ್ಲ. ಆದರೂ 'ಟ್ರಾನ್ಸ್‌ಗ್ರೆಷನ್' ಬಗ್ಗೆ ಹಳೇ ಅಭಿಮಾನಿಗಳು ಆಡುವ ಮಾತು 'ಡಿಜಿಮಾರ್ಟಲ್'ಗಿಂತ ಖಾರವಾಗಿದೆ.