ನಾಣ್ಯದಿಂದ ಲಾಬಿವರೆಗೆ: ವಿಡಿಯೋ ಗೇಮ್ ಇಷ್ಟು ಗೋಜಲಾಗಿದ್ದು ಹೇಗೆ?

ಈಗಿನ ಗೇಮ್ ಆಡುವುದೆಂದರೆ ಸಂಬಳವಿಲ್ಲದ ಎರಡನೇ ಕೆಲಸ ಎನ್ನುವವರು ಒಂದು ಕಡೆ. ಹಳೆಯದರಲ್ಲಿ ಅಂಥದ್ದೇನಿತ್ತು, ಬಲಕ್ಕೆ ಓಡು, ನೆಗೆ, ಗುಂಡು ಹೊಡಿ, ಅಷ್ಟೇ ತಾನೇ ಎನ್ನುವವರು ಇನ್ನೊಂದು ಕಡೆ. ತುಮಕೂರಿನ ಕಾಲೇಜು ಹುಡುಗರ ರೂಮುಗಳಲ್ಲಿ, ಅವರ ಅಣ್ಣಂದಿರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಈ ಜಗಳ ವರ್ಷಗಳಿಂದ ನಡೆದೇ ಇದೆ. ಕಷ್ಟದ ಆಟ, ಉದ್ದದ ಆಟ, ಗೋಜಲಿನ ಆಟ ಮೂರೂ ಒಂದೇ ಅಂದುಕೊಂಡು ಬೈಯುವುದರಿಂದ ಜಗಳ ಮುಗಿಯುವುದೂ ಇಲ್ಲ. ಆಟಕ್ಕೆ ದುಡ್ಡು ಯಾವ ಕಾಲದಲ್ಲಿ ಯಾವ ಬಗೆಯಲ್ಲಿ ಕೊಟ್ಟೆವು ಎಂಬುದನ್ನು ಹಿಡಿದು ಹೋದರೆ ದಾರಿ ಸ್ವಲ್ಪ ಸಲೀಸು.

1972ರಲ್ಲಿ ಅಟಾರಿಯ ಪಾಂಗ್ ಬಂದಾಗ ಆಟಗಾರನಿಗೆ ಹೇಳಬೇಕಾದದ್ದೆಲ್ಲ ಒಂದು ಸಾಲಿನಲ್ಲಿತ್ತು: ಹೆಚ್ಚು ಅಂಕ ಬೇಕಿದ್ದರೆ ಚೆಂಡು ಬಿಡಬೇಡಿ. ಅದು ನಾಣ್ಯ ಹಾಕಿ ಆಡುವ ಯಂತ್ರ. ಕಲಿಯಲಿಕ್ಕೇ ಹತ್ತು ನಿಮಿಷ ಬೇಕೆಂದರೆ ಯಾರೂ ನಾಣ್ಯ ಹಾಕುವುದಿಲ್ಲ. ಒಂದೇ ನಾಣ್ಯದಲ್ಲಿ ಒಬ್ಬ ಗಂಟೆಗಟ್ಟಲೆ ನಿಂತರೆ ಯಂತ್ರದ ಮಾಲೀಕನಿಗೆ ಗಿಟ್ಟುವುದಿಲ್ಲ. 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮನ್ ಇದೇ ಲೆಕ್ಕದಲ್ಲಿ ಹುಟ್ಟಿದವು. ಶುರು ಮಾಡುವುದು ಸುಲಭ, ಉಳಿಯುವುದು ಕಷ್ಟ. ಹಾಗಾಗಿ ಹಳೆಯ ಆಟ ಸರಳ ಎಂಬ ಮಾತು ಅರ್ಧ ಮಾತ್ರ ನಿಜ. ಆ ಅರ್ಧವೂ ಪೂರ್ತಿ ನಿಲ್ಲುವುದಿಲ್ಲ, ಯಾಕೆಂದರೆ ಮನೆಯ ಕಂಪ್ಯೂಟರಿನಲ್ಲಿ ಆಡುವವರ ಲೋಕವೇ ಬೇರೆಯಿತ್ತು. 1984ರಲ್ಲಿ ಬ್ರಿಟನ್ನಿನಲ್ಲಿ ಬಂದ ಬಾಹ್ಯಾಕಾಶದ ಆಟ ಎಲೀಟ್‌ನಲ್ಲಿ ಎಂಟು ಗ್ಯಾಲಕ್ಸಿ, ಒಂದೊಂದರಲ್ಲೂ 256 ಗ್ರಹ. ನೌಕೆ ಹಾರಿಸುವುದು, ಸರಕು ಕೊಳ್ಳುವುದು, ಮಾರುವುದು ತಿಳಿಯಬೇಕಾದರೆ ಜೊತೆಗೆ ಕೊಟ್ಟ ಕೈಪಿಡಿ ಓದಲೇಬೇಕು. ಪೂರ್ತಿ ಬೆಲೆ ಮೊದಲೇ ಕೊಟ್ಟವನು ಕೂತು ಓದುತ್ತಿದ್ದ.

ಜಪಾನಿನ ನಿಂಟೆಂಡೊ ಕಂಪನಿ ಇವೆರಡರ ನಡುವೆ ಜಾಗ ಹುಡುಕಿಕೊಂಡಿತು. 1983ರಲ್ಲಿ ಬಂದ ಅದರ ಮನೆಯ ಗೇಮ್ ಯಂತ್ರ ಫ್ಯಾಮಿಕಾಮ್‌ಗೆ ದಿಕ್ಕಿನ ಗುಂಡಿಯೊಂದು, ಎ, ಬಿ, ಸ್ಟಾರ್ಟ್, ಸೆಲೆಕ್ಟ್, ಇಷ್ಟೇ. 1985ರ ಸೂಪರ್ ಮಾರಿಯೋದ ಮೊದಲ ಪರದೆ ನೋಡಿ. ಬಲಕ್ಕೆ ನಡೆದರೆ ಗೂಂಬಾ ಎಂಬ ಶತ್ರು ಎದುರಿಗೇ ಬರುತ್ತದೆ. ನೆಗೆಯದಿದ್ದರೆ ಸಾಯುತ್ತೀರಿ. ಎರಡನೇ ಸಲ ನೆಗೆಯುತ್ತೀರಿ. ಪಾಠ ಅಲ್ಲಿಗೆ ಮುಗಿಯಿತು, ಒಂದಕ್ಷರವನ್ನೂ ಓದಿರುವುದಿಲ್ಲ.

ಈ ಯಂತ್ರ ನಮ್ಮೂರಿಗೆ ಬಂದದ್ದು ತನ್ನ ಸ್ವಂತ ಹೆಸರಿನಲ್ಲಲ್ಲ. ತೊಂಬತ್ತರ ದಶಕದಲ್ಲಿ ಅದರ ನಕಲುಗಳು ಬಂದವು. ಯಾರೂ ಕಂಪನಿ ಹೆಸರು ಕೇಳುತ್ತಿರಲಿಲ್ಲ, ಎಲ್ಲದಕ್ಕೂ ‘ವಿಡಿಯೋ ಗೇಮ್’ ಎಂದೇ ಹೆಸರು. ಕ್ಯಾಸೆಟ್ ಮೇಲೆ 9999 ಆಟ ಎಂದು ಬರೆದಿದ್ದರೂ ಒಳಗೆ ಅವೇ ಕೆಲವು ಆಟಗಳು ಬೇರೆ ಬೇರೆ ಹೆಸರಿನಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ಮನೆಗೆ ತಂದುಕೊಳ್ಳುವಷ್ಟು ಅನುಕೂಲ ಇದ್ದವರು ಕಡಿಮೆ. ಬಿ.ಎಚ್. ರಸ್ತೆಯ ಒಳದಾರಿಗಳಲ್ಲಿ, ಚಿಕ್ಕಪೇಟೆ ಕಡೆ, ಎಸ್‌ಟಿಡಿ ಬೂತಿನ ಹಿಂದಿನ ಕೋಣೆಯಲ್ಲೋ ಸಿನಿಮಾ ಕ್ಯಾಸೆಟ್ ಬಾಡಿಗೆ ಕೊಡುವ ಅಂಗಡಿಯ ಮೂಲೆಯಲ್ಲೋ ಎರಡು ಟಿವಿ ಇಟ್ಟರೆ ವ್ಯಾಪಾರ ಶುರು. ಗಂಟೆಗೆ ಹತ್ತೋ ಹದಿನೈದೋ ರೂಪಾಯಿ. ಮಾಲೀಕರು ಹಳೇ ನೋಟ್‌ಬುಕ್ಕಿನಲ್ಲಿ ಕೂತ ಹೊತ್ತು ಬರೆದುಕೊಳ್ಳುತ್ತಿದ್ದರು. ಸಮಯ ಮುಗಿದರೆ ಹಿಂದಿನಿಂದ ಕೂಗು, “ಎದ್ದೇಳ್ರೋ ಆಯ್ತು.” ಪರದೆಯಿಂದ ಕಣ್ಣು ತೆಗೆಯದೆ ಉತ್ತರ, “ಅಣ್ಣ, ಇನ್ನೊಂದ್ ಲೈಫ್ ಐತಣ್ಣ.”

ಗಂಟೆ ಲೆಕ್ಕದ ಈ ವ್ಯವಸ್ಥೆಯೇ ಆಟಗಳನ್ನು ಜರಡಿ ಹಿಡಿಯಿತು. ಓದಬೇಕಾದ, ಕಥೆ ಹೇಳುವ ಆಟ ಹಾಕಿದರೆ ದುಡ್ಡು ಅದಕ್ಕೇ ಖರ್ಚು. ಅದಕ್ಕೇ ಕಾಂಟ್ರಾ ಗೆದ್ದದ್ದು: ಇಬ್ಬರು ಒಟ್ಟಿಗೆ ಆಡಬಹುದು, ಒಂದು ಗುಂಡಿ ನೆಗೆಯಲು, ಒಂದು ಹೊಡೆಯಲು. ಅದರ ಮೂವತ್ತು ಲೈಫಿನ ಗುಟ್ಟು, ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ, ಮಗ್ಗಿಯಂತೆ ಬಾಯಿಪಾಠವಾಗಿತ್ತು. ಈ ಸಂಕೇತ ಮೊದಲು ಬಂದದ್ದು 1986ರ ಫ್ಯಾಮಿಕಾಮ್ ಆಟ ಗ್ರೇಡಿಯಸ್‌ನಲ್ಲಿ. ತಾನೇ ಸಿದ್ಧಪಡಿಸುತ್ತಿದ್ದ ಆಟವನ್ನು ಪರೀಕ್ಷಿಸಲು ಕೂತ, ಕಾಂಟ್ರಾವನ್ನೂ ಮಾಡಿದ ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊಗೆ ಆಡಿ ಮುಗಿಸಲಾಗದೆ ಸೇರಿಸಿಕೊಂಡದ್ದು. ಹಳೆಯ ಆಟ ಸುಲಭ ಎನ್ನುವವರ ಮುಂದೆ ಇದನ್ನೊಮ್ಮೆ ಹೇಳಿ ನೋಡಬೇಕು.

ಆಮೇಲೆ, ನಕಲಿ ಸಿಡಿಗಳೂ ಓಡಲಿ ಎಂದು ಚಿಪ್ ಹಾಕಿಸಿದ ಪ್ಲೇಸ್ಟೇಷನ್‌ಗಳು ಅದೇ ಕೋಣೆಗಳಿಗೆ ಬಂದವು. ಮೊದಲ ಪ್ಲೇಸ್ಟೇಷನ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1994ರಲ್ಲಿ. 1997ರ ಹೊತ್ತಿಗೆ ಅದರ ಕಂಟ್ರೋಲರಿಗೆ ಎರಡು ಕಡ್ಡಿ ಬೇರೆ ಸೇರಿದ್ದವು, ಅವನ್ನು ಒತ್ತಿದರೆ ಅವೂ ಗುಂಡಿಗಳೇ. ಎರಡು ಗುಂಡಿಗೆ ಪಳಗಿದ್ದ ಕೈಗೆ ಇದು ಹೊಸ ಕಷ್ಟ. ಆದರೂ ಇಬ್ಬರು ಎದುರುಬದುರು ಹೊಡೆದಾಡುವ ಟೆಕ್ಕೆನ್ 3 ಎದುರು ಜನ ಮುಗಿಬಿದ್ದರು. ಆ ಆಟದಲ್ಲಿ ನಾಲ್ಕು ಗುಂಡಿಗೆ ನಾಲ್ಕು ಅಂಗ: ಚೌಕ ಎಡಗೈ, ತ್ರಿಕೋನ ಬಲಗೈ, ಕ್ರಾಸ್ ಎಡಗಾಲು, ವೃತ್ತ ಬಲಗಾಲು. ಇಷ್ಟು ಗೊತ್ತಿದ್ದರೆ ಸಾಕು, ಕೂರಬಹುದು. ಏನೂ ಗೊತ್ತಿಲ್ಲದವನು ಎಡ್ಡಿ ಎಂಬ ಪಾತ್ರವನ್ನು ಆರಿಸಿಕೊಂಡು ಕಾಲಿನ ಎರಡು ಗುಂಡಿಯನ್ನು ಮನಸೋಇಚ್ಛೆ ಕುಟ್ಟಿದರೂ ಎದುರಾಳಿ ತಬ್ಬಿಬ್ಬು. ನೋಡುತ್ತಿದ್ದವರಿಗೆ ನಗು, ತಿಂಗಳುಗಟ್ಟಲೆ ಇನ್ನೊಂದು ಪಾತ್ರ ಪಾಲ್‌ನ ಹೊಡೆತ ಕಲಿತಿದ್ದವನಿಗೆ ಉರಿ. ಮಾರನೇ ವಾರ ಅವನೇ ಎಡ್ಡಿಯನ್ನು ತಡೆಯುವುದು ಹೇಗೆಂದು ಕಂಡುಕೊಂಡು ಬರುತ್ತಿದ್ದ. ದೇವಸ್ಥಾನದ ಕಲ್ಲುಹಾಸಿನ ಮೇಲೆ ಗೀಚಿದ ಹುಲಿ-ಕುರಿ ಆಟವೂ ಹೀಗೆಯೇ: ನಿಯಮ ನಾಲ್ಕು ಮಾತಿನಲ್ಲಿ ಮುಗಿಯುತ್ತದೆ, ಹುಲಿ ಕಟ್ಟಲು ಇಡೀ ಮಧ್ಯಾಹ್ನ ಬೇಕು. ಗೋಜಲಿಲ್ಲದೆ ಆಳ ಇರಬಹುದು ಎಂಬುದಕ್ಕೆ ಟೆಕ್ಕೆನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಮುಂದಿನದು ಬೇಗ ಬೇಗ ನಡೆಯಿತು. ಸೈಬರ್ ಕೆಫೆಗಳಲ್ಲಿ ಕೌಂಟರ್ ಸ್ಟ್ರೈಕ್, ವೈಸ್ ಸಿಟಿ. ನೋಕಿಯಾ ಫೋನಿನಲ್ಲಿ ಹಾವು. ದೊಡ್ಡ ಕಂಪನಿಗಳ ಆಟ ದುಬಾರಿಯಾದಂತೆ, ಕೊಟ್ಟ ಬೆಲೆಗೆ ಇಷ್ಟು ಗಂಟೆಯ ಆಟ ಎಂದು ತೋರಿಸಿಕೊಳ್ಳುವ ಹಟ ಬಂತು. ಭೂಪಟ ಬೆಳೆಯಿತು, ಅದರ ತುಂಬ ಗುರುತು, ಗುರುತಿಗೊಂದು ಸಣ್ಣ ಕೆಲಸ. ಇದಕ್ಕೆ ತದ್ವಿರುದ್ಧವಾಗಿ 2006ರಲ್ಲಿ ನಿಂಟೆಂಡೊದ ವೀ (Wii) ಯಂತ್ರ ಬಂತು. ಟೆನಿಸ್ ಆಡಲು ಕೈ ಬೀಸಿದರಾಯಿತು. ಹತ್ತು ಕೋಟಿಗೂ ಹೆಚ್ಚು ಯಂತ್ರ ಮಾರಾಟವಾದವು. ಅದೇ 2006ರಲ್ಲಿ ಇನ್ನೊಂದು ದೊಡ್ಡ ಆಟ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಬೇರೆಯಾಗಿ ಮಾರಿತು. ಆಟಗಾರರು ಆಗ ಗೇಲಿ ಮಾಡಿದರು. ಈಗ ಯಾರೂ ಮಾಡುವುದಿಲ್ಲ.

ಆಟ ಬಿಟ್ಟಿಯಾದಾಗ ಲೆಕ್ಕ ಪೂರ್ತಿ ತಿರುಗಿತು. ಸ್ಮಾರ್ಟ್‌ಫೋನಿನ ಮೊದಲ ಅಲೆ ಸರಳತೆಯದ್ದೇ: 2009ರ ಆ್ಯಂಗ್ರಿ ಬರ್ಡ್ಸ್‌ಗೆ ಒಂದು ಬೆರಳು ಸಾಕು, 2013ರ ಫ್ಲ್ಯಾಪಿ ಬರ್ಡ್‌ಗೆ ಒಂದು ತಟ್ಟು ಸಾಕು. ಆದರೆ ಬಿಟ್ಟಿ ಕೊಟ್ಟವನಿಗೂ ಸಂಪಾದನೆ ಬೇಕಲ್ಲ. ಆಡುವವರನ್ನು ದಿನಾ ಕರೆಸಿಕೊಳ್ಳಬೇಕು, ಬಂದವರಿಗೆ ಏನಾದರೂ ತೋರಿಸಬೇಕು. 2016ರಲ್ಲಿ ಜಿಯೋ ಡೇಟಾ ಅಗ್ಗ ಮಾಡಿತು, 2018ರಲ್ಲಿ ಪಬ್ಜಿ ಫೋನಿಗೆ ಬಂತು, 2020ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ನಿಷೇಧವಾಯಿತು, ಮರುವರ್ಷ ಬಿಜಿಎಂಐ ಹೆಸರಿನಲ್ಲಿ ಮರಳಿತು, 2022ರಲ್ಲಿ ಮತ್ತೆ ಮರೆಯಾಗಿ 2023ರಲ್ಲಿ ಮತ್ತೆ ಬಂತು.

ಆಟವಾಗಿ ನೋಡಿದರೆ ಪಬ್ಜಿ ಬಲು ಸರಳ. ಪ್ಯಾರಾಚೂಟಿನಲ್ಲಿ ಇಳಿ, ಸಿಕ್ಕ ಬಂದೂಕು ಎತ್ತಿಕೊ, ಕೊನೆಯವರೆಗೂ ಬದುಕು. ಗುಬ್ಬಿಯ ಬಸ್ಸಿನಲ್ಲಿ ಪಕ್ಕ ಕೂತವನಿಗೆ ಒಂದು ಸ್ಟಾಪ್ ದಾಟುವಷ್ಟರಲ್ಲಿ ಕಲಿಸಬಹುದು. ಗೋಜಲು ಇರುವುದು ಅದಕ್ಕೂ ಮುಂಚಿನ ಲಾಬಿಯಲ್ಲಿ, ಅಂದರೆ ಆಟ ಶುರುವಾಗುವ ತನಕ ಕಾಯಿಸುವ ಪರದೆಯಲ್ಲಿ. ಆ್ಯಪ್ ತೆರೆದರೆ ಮೊದಲು ಹೊಸ ಉಡುಪಿನ ಜಾಹೀರಾತು, ಅದನ್ನು ಮುಚ್ಚಿದರೆ ಇವತ್ತಿನ ಬಹುಮಾನ, ಅದರ ಹಿಂದೆ ಮುಗಿಯಲು ಮೂರೇ ದಿನ ಬಾಕಿಯಿರುವ ಯಾವುದೋ ಉತ್ಸವ. ಮುಚ್ಚುವ ಗುರುತು ಮೂಲೆಯಲ್ಲಿ ಸಣ್ಣಗೆ. ಎಲ್ಲ ದಾಟಿದ ಮೇಲೂ ಪರದೆಯ ಅಂಚಿನುದ್ದಕ್ಕೂ ಕೆಂಪು ಚುಕ್ಕೆಗಳು: ಪಾಸ್, ಪೆಟ್ಟಿಗೆ, ಮಿಷನ್, ಗೆಳೆಯರು. ಒಂದು ನಾಣ್ಯ ಆಡಿದರೆ ಬರುತ್ತದೆ, ಇನ್ನೊಂದು ರೂಪಾಯಿ ಕೊಟ್ಟರೆ ಮಾತ್ರ. ಇದು ಈ ಒಂದು ಆಟದ ರೋಗವಲ್ಲ, ಫೋನಿನಲ್ಲಿ ಬಿಟ್ಟಿ ಸಿಗುವ ಬಹುಪಾಲು ಆಟಗಳ ಮುಂಬಾಗಿಲು ಹೀಗೆಯೇ ಇದೆ. ಒಳಗೇನಿದೆ ಎಂದು ತಿಳಿಯದೆ ಕೊಳ್ಳುವ ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲೇ ಜೂಜಿನ ಸಾಲಿಗೆ ಸೇರಿಸಿತು.

ಆಡುವವರಿಗೆ ಕಷ್ಟ ಬೇಡವಾಗಿದೆ ಎಂದು ಇದರಿಂದ ತೀರ್ಮಾನಿಸುವುದು ತಪ್ಪು. 2022ರ ಎಲ್ಡೆನ್ ರಿಂಗ್ ಹೆಜ್ಜೆ ಹೆಜ್ಜೆಗೂ ಕೊಲ್ಲುತ್ತದೆ, ಹೆಚ್ಚೇನೂ ಹೇಳಿಕೊಡುವುದಿಲ್ಲ, ಒಂದು ವರ್ಷದೊಳಗೆ ಎರಡು ಕೋಟಿ ಪ್ರತಿ ಖರ್ಚಾಯಿತು. 2023ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ಅತ್ಯುತ್ತಮ ಆಟದ ಪ್ರಶಸ್ತಿಗೆ ಅದೂ ಕಣದಲ್ಲಿತ್ತು. ಗೆದ್ದದ್ದು ವ್ಯಾಂಪೈರ್ ಸರ್ವೈವರ್ಸ್, ನಾವು ಓಡಾಡಿದರೆ ಸಾಕು, ಹೊಡೆಯುವ ಕೆಲಸ ತಾನೇ ಮಾಡಿಕೊಳ್ಳುವ ಆಟ. ಎರಡನ್ನೂ ಇಷ್ಟಪಟ್ಟವರು ಬಹಳ ಜನ. ಆಮೇಲೆ ಬಂದ ಹೆಚ್ಚುವರಿ ಭಾಗಗಳನ್ನು ಬಿಟ್ಟರೆ, ಎರಡೂ ಒಮ್ಮೆ ದುಡ್ಡು ಕೊಟ್ಟು ಕೊಂಡವನ ಮುಂದೆ ಆಟದ ನಡುವೆ ಕೈಚಾಚದ ಆಟಗಳು ಎಂಬುದನ್ನು ಯಾಕೋ ಯಾರೂ ಎತ್ತಿ ಹೇಳುವುದಿಲ್ಲ.

ತುಮಕೂರಿನಲ್ಲಿ ಗಂಟೆ ಲೆಕ್ಕದ ಅಂಗಡಿಗಳು ಹೊಸ ಪ್ಲೇಸ್ಟೇಷನ್, ಎಸಿ ಸಮೇತ ಮತ್ತೆ ತಲೆ ಎತ್ತಿವೆ. ಅಲ್ಲಿ ಹೆಚ್ಚು ಓಡುವುದು ಫುಟ್‌ಬಾಲ್. ತಂಡ ಕಟ್ಟುವುದು, ಆಟಗಾರರ ಕಾರ್ಡು ಕೊಳ್ಳುವುದು, ಕೋಚ್ ಆಗಿ ವರ್ಷಗಟ್ಟಲೆ ನಡೆಸುವುದು ಎಲ್ಲ ಮೆನುವಿನಲ್ಲಿ ಇದ್ದರೂ ಹುಡುಗರು ನೇರ ಕಿಕ್ ಆಫ್ ಒತ್ತುತ್ತಾರೆ. ಕಥೆಯಿರುವ ಆಟಗಳ ಪಾಠದ ಭಾಗವನ್ನು ಅಂಗಡಿಯವರೇ ಮೊದಲು ಆಡಿ ಸೇವ್ ಮಾಡಿಟ್ಟಿರುತ್ತಾರೆ, ಗಿರಾಕಿಯ ಗಂಟೆ ಹಾಳಾಗದಿರಲಿ ಎಂದು. ಮನೆಯಲ್ಲಿ ಕೂತು ಆಡುವವನಿಗೆ ಈ ಉಪಕಾರ ಮಾಡುವವರಿಲ್ಲ. ಶನಿವಾರ ರಾತ್ರಿ ಬಿಡುವು ಮಾಡಿಕೊಂಡು ಯಂತ್ರ ಹಚ್ಚಿದರೆ ಮೊದಲು ಅಪ್‌ಡೇಟ್ ಇಳಿಯಬೇಕು, ಆಮೇಲೆ ಖಾತೆಗೆ ಲಾಗಿನ್, ಆಮೇಲೆ ಷರತ್ತುಗಳಿಗೆ ಒಪ್ಪಿಗೆ.